ಹೊರಗೆ ಕೂತವಳು ಹಾಕಿದ ಹೊಗೆ

ನಮ್ಮ ಮನೆಯಲ್ಲಿ ಆ ಮಾವಿನ ಗಿಡಗಳ ಕತೆ ಹೇಳುವಾಗ ನಾನು ಅದರಲ್ಲಿ ಇರುವುದಿಲ್ಲ. ಮದುವೆ ಮುಂಜಿಗಳಲ್ಲಿ ಊಟದ ಎಲೆ ತೆಗೆದ ಮೇಲೆ ಯಾರಾದರೊಬ್ಬರು ಶುರು ಮಾಡುತ್ತಾರೆ. ಅತ್ಯಾ, ಅಂದರೆ ನನ್ನ ಸೋದರತ್ತೆ, ಎಂಥ ಮಡಿವಂತೆ, ಆಕೆಯ ಮಡಿಗೆ ಮೆಚ್ಚಿ ಮಂಜು ಗಿಡಗಳನ್ನು ಮುಟ್ಟದೆ ಹೋಯಿತು, ಸುತ್ತಲಿನ ಹೊಲಗಳಲ್ಲಿ ಹೂವೆಲ್ಲ ಕರಿಯಾದರೂ ನಮ್ಮದು ಉಳಿಯಿತು. ಕೇಳುವವರು ಕೈ ಮುಗಿಯುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರಿಗೆ ಇದನ್ನು ಮೊದಲ ತಿಂಗಳಲ್ಲೇ ಹೇಳುತ್ತಾರೆ.

ಕತೆ ಚೆನ್ನಾಗಿದೆ. ಆದರೆ ಆ ಮೂರು ಮುಂಜಾವು ಅತ್ಯಾ ಕಾಲು ಉಳುಕಿಸಿಕೊಂಡು ಹಾಸಿಗೆಯಲ್ಲಿದ್ದಳು. ಗಿಡಗಳಿಗೆ ಹೊಗೆ ಹಾಕಿದವಳು ನಾನು. ಮತ್ತು ನಾನು ಆಗ ಹೊರಗೆ ಕೂತಿದ್ದೆ.

ಹೊರಗೆ ಕೂಡುವುದೆಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ತಿಂಗಳ ಮುಟ್ಟಿನ ಮೂರು ದಿನ ಹಿತ್ತಲ ಬಾಗಿಲಿನ ಆಚೆ, ದನದ ಕೊಟ್ಟಿಗೆಗೆ ಹತ್ತಿದ ಮೂಲೆಯಲ್ಲಿ ಒಂದು ಚಾಪೆ, ಒಂದು ತಂಬಿಗೆ, ಒಂದು ಕೌದಿ. ಆ ಕೌದಿ ಅದಕ್ಕೆಂದೇ ಬೇರೆ ಇಟ್ಟದ್ದು. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದದ್ದು ಅದೂ ಹೌದು, ಆದರೆ ಒಳಗಿನ ಕೌದಿಗಳ ಜೊತೆ ಮಡಚಿ ಇಡುವ ಹಾಗಿರಲಿಲ್ಲ. ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು, ಊಟವನ್ನು ದೂರದಿಂದ ಸರಿಸುತ್ತಿದ್ದರು. ಒಲೆ, ಬಾವಿ, ಉಪ್ಪಿನಕಾಯಿ ಭರಣಿ, ಮಲ್ಲಿಗೆ ಬಳ್ಳಿ, ಯಾವುದಕ್ಕೂ ನಮ್ಮ ಕೈ ತಾಗಬಾರದು. ಹೂ ಬಿಟ್ಟ ಮಾವಿಗಂತೂ ನೆರಳೂ ಬೀಳಬಾರದು. ಬಿದ್ದರೆ ಹೂ ಕರಗಿ ಹೋಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅವಳ ಅವ್ವನೂ ಹೇಳುತ್ತಿದ್ದಳಂತೆ.

ನೆನಪಿನ ವಿಷಯದಲ್ಲಿ ನಾನು ಬಹಳ ಅನುಮಾನದವಳು. ಚಂದವಾಗಿ ಜೋಡಿಸಿ ಬಂದ ನೆನಪನ್ನು ಕಂಡರೆ ಇದನ್ನು ಯಾರೋ ನನಗಿಂತ ಮೊದಲು ತಿದ್ದಿದ್ದಾರೆ ಅನಿಸುತ್ತದೆ. ಆ ವರ್ಷ ಯಾವುದೆಂದು ಖಚಿತವಾಗಿ ಹೇಳಲಾರೆ. ಎಪ್ಪತ್ತರ ದಶಕದ ನಡುಭಾಗ. ನಾನು ಕಿತ್ತೂರಿಗೆ ಕಾಲೇಜಿಗೆ ಹೋಗುತ್ತಿದ್ದೆ ಅಂದುಕೊಂಡಿದ್ದೇನೆ, ಆದರೆ ಆ ದಿನಗಳ ನೆನಪಿನಲ್ಲಿ ಒಂದು ಪುಸ್ತಕವೂ ಕಾಣುವುದಿಲ್ಲ. ಇಂಥ ತೂತುಗಳನ್ನು ಹಾಗೇ ಬಿಡುತ್ತೇನೆ. ಅವನ್ನು ಮುಚ್ಚಿದರೆ ನನ್ನದೂ ಎಲೆ ತೆಗೆದ ಮೇಲಿನ ಕತೆಯಾಗುತ್ತದೆ.

ನಮ್ಮ ಊರು ಕಿತ್ತೂರಿನಿಂದ ದೇಗಾಂವಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿತ್ತು. ಅಪ್ಪ ಊರ ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದ. ಹೊಲ ಮನೆ ಎಲ್ಲ ಅಪ್ಪನ ತಮ್ಮ, ನಮ್ಮ ಕಾಕಾನ ಕೈಯಲ್ಲಿ. ಅತ್ಯಾ ಇಬ್ಬರಿಗೂ ಅಕ್ಕ. ರಾಮದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದರು, ಗಂಡ ತೀರಿದ ಮೇಲೆ ತವರಿಗೆ ಬಂದು ಉಳಿದಿದ್ದಳು. ಮದುವೆಯಲ್ಲಿ ಅಜ್ಜ ಹಿತ್ತಲಿನ ಆಚೆಯ ಕೆಂಪು ಮಣ್ಣಿನ ತುಂಡು ಹೊಲವನ್ನು ಅರಿಷಿಣ ಕುಂಕುಮಕ್ಕೆಂದು ಆಕೆಗೆ ಬಾಯಿಮಾತಿನಲ್ಲಿ ಕೊಟ್ಟಿದ್ದ. ಕಾಗದ ಪತ್ರ ಏನೂ ಇರಲಿಲ್ಲ. "ಕುಂಕುಮ ಹೋತು, ಹೊಲ ಉಳೀತು" ಎಂದು ಅತ್ಯಾ ತಾನೇ ಹೇಳಿ ತಾನೇ ನಗುತ್ತಿದ್ದಳು. ಆ ನಗು ಬೇರೆಯವರಿಗೆ ಸೇರುತ್ತಿರಲಿಲ್ಲ.

ಆ ತುಂಡಿನಲ್ಲಿ ಆಕೆ ಆಪೂಸಿನ ಕಸಿ ಗಿಡ ನೆಟ್ಟಿದ್ದಳು. ಬೇಸಿಗೆಯಲ್ಲಿ ಬಾವಿಯಿಂದ ಕೊಡ ಹೊತ್ತು ನೀರುಣಿಸಿ ಬೆಳೆಸಿದ ಗಿಡಗಳು. ನಾನು ಹೇಳುವ ವರ್ಷಕ್ಕೆ ಅವು ನನ್ನ ತಲೆಗಿಂತ ಸ್ವಲ್ಪ ಎತ್ತರ, ಕೆಲವು ನನ್ನ ಭುಜಕ್ಕೆ ಬರುತ್ತಿದ್ದವು. ಹಿಂದಿನ ವರ್ಷ ಮೊದಲ ಸಲ ಹೂ ಬಿಟ್ಟಿದ್ದವು. ಅದೇ ಹಿಂದಿನ ವರ್ಷ ಮಾಘದಲ್ಲಿ ಒಂದು ವಾರ ಮಂಜು ಇಳಿಯಿತು. ಸೂರ್ಯ ಮೇಲೆ ಬಂದರೂ ಎದುರಿನ ಗುಡಿ ಕಾಣುತ್ತಿರಲಿಲ್ಲ. ಮಂಜು ಎದ್ದ ಮೇಲೆ ನೋಡಿದರೆ ಹೂಗೊಂಚಲೆಲ್ಲ ಇದ್ದಿಲು ಪುಡಿ ಬಳಿದ ಹಾಗೆ ಕರಿಯಾಗಿತ್ತು. ಮುಟ್ಟಿದರೆ ಉದುರುತ್ತಿತ್ತು.

ಆಗ ಮನೆಯಲ್ಲಿ ವಿಚಾರಣೆ ನಡೆಯಿತು. ಊರಿನ ಎಲ್ಲ ಮಾವಿಗೂ ಅದೇ ಗತಿಯಾಗಿತ್ತು ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಆ ವಾರ ಹೊರಗೆ ಕೂತವರು ಯಾರು? ನಾನು. ಬಯಲಿಗೆ ಹೋಗುವ ದಾರಿ ಯಾವುದು? ಗಿಡಗಳ ಪಕ್ಕದ ದಾರಿ. ಅವ್ವನೇ ಹೇಳಿದಳು, "ಅಕಿ ಅಲ್ಲಿಂದನ ಹಾಯ್ದು ಹೋಗಿದ್ಳು, ನಾನ ನೋಡೇನಿ." ಹೆತ್ತ ತಾಯಿಯ ಸಾಕ್ಷಿ. ಮುಗಿಯಿತು. ಇಡೀ ಆಕಾಶದ ಮಂಜು ನನ್ನ ನೆರಳಿನ ತಲೆಗೆ ಬಂತು.

ಕಾಕಾ ಒಳ್ಳೆಯ ಬೇಸಾಯಗಾರ. ಮಣ್ಣು ಕೈಯಲ್ಲಿ ಹಿಡಿದು ಮೂಸಿ ನೋಡಿ ಬೀಜ ಯಾವುದೆಂದು ಹೇಳುವವನು. ಆ ದಿನಗಳಲ್ಲಿ ಬೈಲಹೊಂಗಲ, ಯರಗಟ್ಟಿ ಕಡೆಯೆಲ್ಲ ಹೈಬ್ರಿಡ್ ಹತ್ತಿಯ ಗಾಳಿ ಬೀಸಿತ್ತು. ನಮ್ಮ ಬೇರೆ ಹೊಲಗಳಿಗೂ ಅದು ಬಂದಿತ್ತು. ಹತ್ತಿಯ ಹೆಸರು ತೆಗೆದರೆ ಕಾಕಾನ ಮುಖದಲ್ಲಿ ಬೇರೆ ಬೆಳಕು. ಕರಿಯಾದ ಹೂವಿನ ನಡುವೆ ನಿಂತು ಅತ್ಯಾಗೆ ಹೇಳಿದ, "ಅಕ್ಕಾ, ಇನ್ನೊಂದ ವರ್ಷ ನೋಡತೇನಿ. ಬರೂ ವರ್ಷನೂ ಕಾಯಿ ಹಿಡೀಲಿಲ್ಲಂದ್ರ ಇವನ್ನೆಲ್ಲಾ ಕಿತ್ತ ಒಗದು ಹತ್ತಿ ಹಾಕತೇನಿ. ಭೂಮಿ ಸುಮ್ಮನ ಮಲಗಬಾರದು."

"ಭೂಮಿ ಎಲ್ಲಿ ಮಲಗೇದ? ಗಿಡ ನಿಂತಾವಲ್ಲ."

"ನಿಂತ ಏನ ಮಾಡ್ತಾವ? ನಿನ್ನ ಮಾರಿ ನೋಡಕೋತ ನಿಂತಾವ."

"ಮತ್ತ ನಿನ್ನ ಹತ್ತಿ ಯಾರ ಮಾರಿ ನೋಡತದ, ಬೈಲಹೊಂಗಲದ ದಲಾಲ್ಯಾನ ಮಾರಿ?"

ಕಾಕಾ ನಕ್ಕ. ನಕ್ಕರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಮರುವರ್ಷ ಸಂಕ್ರಮಣ ಕಳೆಯುತ್ತಿದ್ದಂತೆ ಗಿಡಗಳು ಮತ್ತೆ ಹೂವಿಗೆ ಬಂದವು, ಹೋದ ಸಲಕ್ಕಿಂತ ಜಾಸ್ತಿ. ಚಿಕ್ಕ ಗಿಡಗಳಂತೂ ಎಲೆ ಕಾಣದಷ್ಟು. ಅತ್ಯಾ ಈ ಸಲ ದೇವರ ಮೇಲೆ ಬಿಡಲಿಲ್ಲ. ಧಾರವಾಡದ ಹಾದಿಯ ದೊಡ್ಡ ತೋಟದಲ್ಲಿ ಮಂಜು ಬಿದ್ದಾಗ ಹೊಗೆ ಹಾಕುವುದನ್ನು ಬಸ್ಸಿನಿಂದ ನೋಡಿದ್ದಳಂತೆ. ಭತ್ತದ ಹುಲ್ಲು, ಒಣಗಿದ ಎಲೆ, ಸಗಣಿಯ ಕುಳ್ಳು ಸೇರಿಸಿ ಗಾಳಿ ಬರುವ ಕಡೆಗೆ ಸಣ್ಣ ಸಣ್ಣ ಗುಂಪಿ ಮಾಡಿಟ್ಟಳು. ಆಕಾಶ ಹೊಗೆಬಣ್ಣಕ್ಕೆ ತಿರುಗಿದ ಬೆಳಗುಗಳಲ್ಲಿ ಒಲೆಯ ಕೆಂಡವನ್ನು ಅಗ್ಗಿಷ್ಟಿಗೆಯಲ್ಲಿ ಒಯ್ದು ಆ ಗುಂಪಿಗಳಿಗೆ ಇಡುತ್ತಿದ್ದಳು. ಉರಿ ಏಳಬಾರದು, ಹೊಗೆ ಮಾತ್ರ ಏಳಬೇಕು, ಅದು ಎದ್ದು ಹಾರಿ ಹೋಗದೆ ಗಿಡಗಳ ಮೇಲೆ ಕೂಡಬೇಕು. ಅದಕ್ಕೆ ಮೇಲೆ ಹಸಿ ಹುಲ್ಲು. ತೀರ ಸಣ್ಣ ಗಿಡಗಳಿಗೆ ಗೋಣಿ ಚೀಲ ಹೊದಿಸುತ್ತಿದ್ದಳು. ಇಬ್ಬನಿ ಹಿಡಿದ ಗೊಂಚಲನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ ನೀರು ಉದುರಿಸುತ್ತಿದ್ದಳು. ಕೆಂಡ ಮನೆಯ ಒಲೆಯದೇ ಆಗಬೇಕು, ಕಡ್ಡಿ ಗೀರಿ ಹೊತ್ತಿಸುವ ಹಾಗಿಲ್ಲ. ಇದು ತೋಟದವರಿಂದ ಬಂದದ್ದಲ್ಲ, ಆಕೆಯದೇ ಸೇರಿಕೆ.

ಕಾಕಾ ಮೊದಲ ದಿನ ಮೂಗು ಮುಚ್ಚಿಕೊಂಡು ಬಂದ. "ಏನಕ್ಕಾ, ಗಿಡಕ್ಕ ಲೋಬಾನ ಹಾಕ್ಲಿಕತ್ತೀಯೇನು?"

"ಹೌದಪಾ. ಕೂಸಿಗೆ ಎರದ ಮ್ಯಾಲೆ ಲೋಬಾನ ಹಾಕೂದಿಲ್ಲೇನು? ಇವೂ ಕೂಸನ. ನಿನಗೂ ನಾನ ಹಾಕೇನಿ ಸಣ್ಣಾಂವ ಇದ್ದಾಗ."

"ಅದಕ ನನಗ ಈಗೂ ಕೆಮ್ಮ."

ನನಗೆ ಆ ವರ್ಷ ಬೇರೆ ಕಟ್ಟಳೆ ಬಂತು. ಹೂ ಬಿಟ್ಟ ದಿನದಿಂದ ಕಾಯಿ ಕಟ್ಟುವ ತನಕ ಹೊರಗೆ ಕೂತಾಗ ಆ ದಾರಿಯಲ್ಲಿ ಕಾಲಿಡಬಾರದು. ಸುತ್ತು ಹಾಕಿ ಊರ ಮುಂದಿನಿಂದ ಹೋಗಬೇಕು. ಎಲ್ಲರ ಕಣ್ಣೆದುರು ತಂಬಿಗೆ ಹಿಡಿದು. ಅವ್ವ ಇದನ್ನು ನನಗೆ ಹೇಳುವಾಗ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಇದೊಂದು ದೃಶ್ಯವನ್ನು ನಾನು ನಂಬುತ್ತೇನೆ, ಯಾಕೆಂದರೆ ಇದರಲ್ಲಿ ನನಗೆ ಬೇಕಾದದ್ದು ಏನೂ ಇಲ್ಲ.

ಆಮೇಲೆ ಅತ್ಯಾ ಬಾವಿಯ ಕಟ್ಟೆಯಲ್ಲಿ ಜಾರಿದಳು. ಪಾದ ಉಬ್ಬಿ ನೆಲಕ್ಕೆ ಊರಲಾಗದೆ ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿದಳು. ಕಾಕಾ ಆಳನ್ನು ಕಟ್ಟಿಕೊಂಡು ಹತ್ತಿ ಗಾಡಿಗಳ ಜೊತೆ ಬೈಲಹೊಂಗಲಕ್ಕೆ ಹೋಗಿದ್ದ. ಪೇಟೆಯಲ್ಲಿ ಗಾಡಿಗಳ ಸಾಲು ದೊಡ್ಡದಿದ್ದರೆ ಅಲ್ಲೇ ಉಳಿಯುತ್ತಿದ್ದ. ನಾನು ಹೊರಗೆ ಕೂತೆ. ಈ ಮೂರೂ ಒಂದೇ ದಿನ ಆದವು ಎಂದು ನನ್ನ ನೆನಪು ಹೇಳುತ್ತದೆ. ಅಷ್ಟು ಸರಿಯಾಗಿ ಕೂಡಿ ಬಂದದ್ದಕ್ಕೇ ಅನುಮಾನ. ಒಂದು ದಿನ ಆಚೀಚೆ ಇರಬಹುದು. ಮುಖ್ಯವಾದದ್ದು ಇಷ್ಟು. ಬೆಳಕು ಹರಿಯುವ ಹೊತ್ತಿಗೆ ನಾನು ಕೌದಿಯಿಂದ ಮುಖ ತೆಗೆದರೆ ಎದುರಿನ ಕೊಟ್ಟಿಗೆಯ ಎಮ್ಮೆ ಕಾಣಲಿಲ್ಲ. ಅದರ ಉಸಿರು ಮಾತ್ರ ಕೇಳುತ್ತಿತ್ತು. ಮಂಜು ಇಳಿದಿತ್ತು.

ಕೋಣೆಯ ಕಿಟಕಿಯಿಂದ ಅತ್ಯಾನ ಧ್ವನಿ ಬಂತು. "ಮಂಜ ಬಿದ್ದದ. ಯಾರರೆ ಹೋಗ್ರೇ."

ಒಳಗೆ ಅವ್ವ ಅಂದಳು, "ನಾ ಮಡೀಲೆ ಇದ್ದೇನಿ. ಒಲಿ ಬಿಟ್ಟು ಹೆಂಗ ಬರ್ಲಿ?"

"ನಿನ್ನ ಗಂಡಗ ಹೇಳು."

"ಅವರು ಜಳಕಾ ಮಾಡಿ ಗುಡಿಗೆ ಹೊಂಟಾರ. ಗೋಣಿ ಚೀಲ, ಕುಳ್ಳು ಹೆಂಗ ಮುಟ್ತಾರ?"

ಅಪ್ಪನ ಪಾದುಕೆಯ ಸದ್ದು ನನ್ನ ಪಕ್ಕದಿಂದಲೇ ಹೋಯಿತು. ಒದ್ದೆ ಪಂಚೆ ಉಟ್ಟು, ಮಂತ್ರ ಹೇಳುತ್ತ, ನಾನಿದ್ದ ಕಡೆ ನೋಡದೆ. ಮೂರು ಜನ ದೊಡ್ಡವರು, ಮೂರು ಜನಕ್ಕೂ ಕಾರಣ.

ಆಮೇಲೆ ಅತ್ಯಾ ಕಿಟಕಿಯಿಂದ ನನ್ನನ್ನು ಕರೆದಳೇ? ಒಮ್ಮೆ ಕರೆದಳು ಅನಿಸುತ್ತದೆ, ಇನ್ನೊಮ್ಮೆ ಇಲ್ಲ ಅನಿಸುತ್ತದೆ. ಕರೆದಿದ್ದರೆ ನಾನು ಹೇಳಿದ್ದು ಕೇಳಿದ ಹುಡುಗಿ. ಕರೆಯದಿದ್ದರೆ ಹೇಳದೇ ಹೋದವಳು. ಎರಡನೆಯದು ನನಗೆ ಹೆಚ್ಚು ಇಷ್ಟ, ಆದ್ದರಿಂದ ಅದನ್ನು ಸಾಧಿಸಲು ಹೋಗುವುದಿಲ್ಲ. ಎದ್ದೆ, ಕೌದಿಯನ್ನು ಹೆಗಲಿಗೆ ಹಾಕಿಕೊಂಡೆ, ಹೋದೆ. ಅದು ನಿಜ.

ಗಿಡಗಳ ಹತ್ತಿರ ಹೋದ ಮೇಲೆ ಹೊಳೆಯಿತು, ಬೆಂಕಿ ಇಲ್ಲ. ಒಲೆಯ ಕೆಂಡ ನನಗೆ ಸಿಗುವ ಮಾತೇ ಇಲ್ಲ, ಕಡ್ಡಿ ಪೆಟ್ಟಿಗೆ ಅಡಿಗೆ ಮನೆಯ ಗೂಡಿನಲ್ಲಿತ್ತು. ಬದುವಿನ ಆಚೆ ಚಾಚಾನ ಕಡಲೆ ಹೊಲ. ಚಾಚಾ ಎಂದರೆ ಊರ ತುದಿಯ ಮುಸಲ್ಮಾನರ ಮನೆಯ ಯಜಮಾನ, ನಮಗೆ ಬದುವಿನ ನೆರೆಯವನು. ಹೊಲ ಕಾಯಲು ಬಂದವನು ಒಂದು ಬೆಂಕಿ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ. ಮಂಜಿನಲ್ಲಿ ಬೆಂಕಿಯಷ್ಟೇ ಕೆಂಪಗೆ ಕಾಣುತ್ತಿತ್ತು.

"ಯಾರದು?"

"ನಾ ಚಾಚಾ. ಬೆಂಕಿ ಬೇಕಾಗೇದ."

ನನ್ನ ಹೆಗಲ ಮೇಲಿನ ಕೌದಿ, ಬಿಚ್ಚಿದ ಕೂದಲು ನೋಡಿ ಅವನಿಗೆ ತಿಳಿಯಿತು ಅನಿಸುತ್ತದೆ. ಅಂಥ ವಿಷಯ ಊರಿನಲ್ಲಿ ಯಾರಿಗೂ ಹೊಸದಲ್ಲ.

"ನಿಮ್ಮ ಮನ್ಯಾಗ ಬೆಂಕಿ ಇಲ್ಲೇನ ಬೇಟಿ?"

"ಐತಿ. ನನಗ ಕೊಡಾಂಗಿಲ್ಲ."

"ನನ್ನ ಬೆಂಕಿ ನಿಮ್ಮ ಗಿಡಕ್ಕ ನಡೀತೈತಿ? ನಾಳೆ ನಿಮ್ಮ ಕಾಕಾ ಬಂದು ಮಾವಿನಕಾಯಿ ಸುನ್ನತಿ ಆದಾವು ಅಂದಾನು."

ನನಗೆ ನಗು ಬಂತು. ಆ ನಡುಕದ ಚಳಿಯಲ್ಲಿ ಮೊದಲ ಸಲ ಮೈ ಬೆಚ್ಚಗಾದದ್ದು ಅಲ್ಲೇ. ಚಾಚಾ ಹೆಂಚಿನ ತುಂಡಿನ ಮೇಲೆ ಕೆಂಡ ಎಳೆದು ಕೊಟ್ಟ. "ಮೊದಲ ಗುಂಪೀಗೆ ಇಡು. ಅದರಿಂದ ಉಳಿದದ್ದಕ್ಕ ದಾಟಿಸು," ಅಂದ. "ನಾ ಬರಾಂಗಿಲ್ಲ. ನಾ ಬಂದ್ರ ಜಗಳ ಎರಡ ಆಗತೈತಿ."

ಮೊದಲ ಗುಂಪಿಯಲ್ಲಿ ತಪ್ಪಿದೆ. ಊದಿ ಊದಿ ಉರಿ ಎಬ್ಬಿಸಿಬಿಟ್ಟೆ. ಹುಲ್ಲು ಭಗ್ಗೆಂದು ಹತ್ತಿ ಪಕ್ಕದ ಗಿಡದ ಕೆಳಗಿನ ಕೊಂಬೆ ಸುಟ್ಟಿತು. ಹೂವು ಸುಟ್ಟ ವಾಸನೆ ನನಗೆ ಇನ್ನೂ ಗೊತ್ತು, ಸಿಹಿ ಇರುತ್ತದೆ. ಇಬ್ಬನಿಯಲ್ಲಿ ನೆನೆದ ಹುಲ್ಲನ್ನು ಎರಡೂ ಕೈಯಿಂದ ಬಾಚಿ ಹಾಕಿದೆ. ಆಗ ಹೊಗೆ ಎದ್ದಿತು, ದಪ್ಪಗೆ, ಬೆಳ್ಳಗೆ, ಮಂಜಿಗಿಂತ ಸ್ವಲ್ಪ ಹಳದಿ. ಒಂದರಿಂದ ಒಂದಕ್ಕೆ ಕೆಂಡ ದಾಟಿಸುತ್ತ ಹೋದೆ. ಹೊಗೆ ಮೇಲೆ ಏರಲಿಲ್ಲ. ಮಂಜೇ ಅದನ್ನು ಒತ್ತಿ ಹಿಡಿದಿತ್ತು. ಗಿಡಗಳ ತಲೆಯ ಮೇಲೆ ಅದು ಚಪ್ಪರದ ಹಾಗೆ ಹರಡಿ ಕೂತಿತು.

ಗೋಣಿ ಚೀಲ ಹೊದಿಸುತ್ತ ಬಂದರೆ ಕೊನೆಯ ಗಿಡಕ್ಕೆ ಚೀಲ ಸಾಲಲಿಲ್ಲ. ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಹೆಚ್ಚು ಹೂ ಬಿಟ್ಟದ್ದು ಅದೇ. ಹೆಗಲ ಮೇಲೆ ಕೌದಿ ಇತ್ತು. ನೆರಳು ಬೀಳಬಾರದು ಎಂದಿದ್ದರಲ್ಲ, ನಾನು ಆ ಕೌದಿಯನ್ನೇ ಅದಕ್ಕೆ ಹೊದಿಸಿದೆ. ಹೊರಗಿನ ಕೌದಿ, ನನ್ನ ಮೂರು ದಿನದ ಕೌದಿ. ಅಂಚು ಎಳೆದು ಸರಿಮಾಡಿ ಕಾಂಡಕ್ಕೆ ಹುರಿಯಿಂದ ಕಟ್ಟಿದೆ. ಆಮೇಲೆ ಹೊದಿಕೆಯಿಲ್ಲದ ದೊಡ್ಡ ಗಿಡಗಳ ಗೊಂಚಲುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಅಲುಗಿಸಿದೆ. ಕೈ ತಾಗಿದ ಕಡೆ ಹೂವು ಕರಗುತ್ತದೋ ಎಂದು ನೋಡಿದೆನೇ? ನೋಡಿದೆ. ನಂಬುವುದಿಲ್ಲ ಎಂದು ಹೇಳಿಕೊಂಡವಳು ಪ್ರತಿ ಗೊಂಚಲನ್ನೂ ಬಿಟ್ಟ ಮೇಲೆ ಒಂದು ಕ್ಷಣ ನೋಡಿದೆ. ಕರಗಲಿಲ್ಲ. ಇಬ್ಬನಿ ನನ್ನ ಮೊಣಕೈಗೆ ಇಳಿಯಿತು, ಅಷ್ಟೇ.

ಮಾರನೆಯ ದಿನವೂ ಹೋದೆ. ಅದರ ಮಾರನೆಯ ದಿನವೂ. ಚಾಚಾ ನಾನು ಕೇಳುವ ಮೊದಲೇ ಹೆಂಚಿನ ಮೇಲೆ ಕೆಂಡ ಎಳೆದಿಟ್ಟಿರುತ್ತಿದ್ದ. ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒಳಗಾದೆ. ಕೌದಿಯನ್ನು ಒಗೆಯಲು ಅವ್ವ ಕೋಲಿನಿಂದ ಎತ್ತಿದಳು. ಹೊಗೆಯ ವಾಸನೆ ಗಂಟು ಕಟ್ಟಿತ್ತು, ಹೊಲಿಗೆಯ ಸಂದಿಯಲ್ಲಿ ಮಾವಿನ ಹೂವಿನ ಪುಡಿ. ಅವ್ವ ಕೋಲು ಹಿಡಿದು ಸ್ವಲ್ಪ ಹೊತ್ತು ನಿಂತಳು. ಅದನ್ನು ನೀರಿಗೆ ಹಾಕಿ ಕಾಲಿನಿಂದ ತುಳಿದಳು. ಆಮೇಲೆ ನಾನು ಎಷ್ಟೋ ಸಲ ಕೇಳಿದ್ದೇನೆ. ಅಂಥದ್ದೇನೂ ಆಗಿಲ್ಲ ಎನ್ನುತ್ತಿದ್ದಳು.

ಮಂಜು ಹೋಯಿತು, ಬಿಸಿಲು ಬಂತು. ಚಾಚಾನ ಬಾವಿಯ ಹತ್ತಿರದ ಹಳೆಯ ಮಾವು ಕರಿಯಾಯಿತು, ಗುಡಿಯ ಹಿಂದಿನದೂ ಕರಿಯಾಯಿತು. ನಮ್ಮ ಗಿಡಗಳಲ್ಲಿ ಹೂವು ಉದುರಿದ ಕಡೆ ಹಸಿರು ಕಾಳು ಕಂಡವು. ಕಾಳು ಮಿಡಿಯಾದವು. ಸುಟ್ಟ ಕೊಂಬೆಯ ಗಿಡ ಬಿಟ್ಟರೆ ಎಲ್ಲವೂ ಹಿಡಿದಿದ್ದವು. ಹೊಗೆ ಮಂಜನ್ನು ತಡೆದದ್ದರಿಂದ ಉಳಿದವೋ, ಹೊಗೆಗೆ ಹುಳು ಓಡಿದ್ದರಿಂದ ಉಳಿದವೋ, ನಾನು ಹೇಳಲಾರೆ. ನನ್ನ ಕೈಯಿಂದ ಹಾಳಾಗಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಕಾಕಾ ನೋಡಿ ಬಂದು ಪಡಸಾಲೆಯಲ್ಲಿ ಕೂತ. ಮುಖ ಅರಳಿತ್ತು. ಹತ್ತಿಯ ಮಾತು ಎತ್ತಲಿಲ್ಲ. "ಗಿಡ ಇರಲಿ ಅಕ್ಕಾ, ನೀ ಗೆದ್ದಿ" ಅಂದ. ಅಪ್ಪ ಗುಡಿಯಿಂದ ಬಂದವನು ಮೊದಲ ಹಣ್ಣು ನೈವೇದ್ಯಕ್ಕೆ ಎಂದ. ಅವ್ವ ಅಂದಳು, "ಎಲ್ಲಾ ಇವರ ಮಡಿ ಪುಣ್ಯೇದ. ಈ ವರ್ಷ ಯಾರ ನೆರಳೂ ಬೀಳಲಿಲ್ಲ, ನೋಡ್ರಿ."

ಅಷ್ಟಕ್ಕೆ ಬಿಟ್ಟಿದ್ದರೆ ಗಿಡಗಳಿಗೆ ಅಪಾಯವಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಅತ್ಯಾ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು, ನನ್ನತ್ತ ನೋಡಿ ಕಣ್ಣಿನಲ್ಲೇ ಬೇಡ ಅಂದಳು. ಆಕೆಯ ಗಿಡ, ಆಕೆಯ ಹೊಲ, ಕಾಗದವಿಲ್ಲದ ಹೊಲ. ಕಳೆದುಕೊಳ್ಳುವವಳು ಆಕೆ. ಆದರೂ ನಾನು ಬಾಯಿ ತೆರೆದೆ. ಒಂದು ವರ್ಷ ಮಂಜನ್ನು ನನ್ನ ತಲೆಗೆ ಕಟ್ಟಿದ ಜನ ಈಗ ಕಾಯಿಯನ್ನು ನನ್ನಿಂದ ತೆಗೆದುಕೊಂಡು ಇನ್ನೊಬ್ಬರ ಮಡಿಗೆ ಕಟ್ಟುತ್ತಿದ್ದರು.

"ನೆರಳು ಬಿದ್ದದ," ಅಂದೆ. "ಅತ್ಯಾ ಮಲಗಿದ್ಳು. ಹೊಗಿ ಹಾಕಿದಾಕಿ ನಾನು. ಮೂರೂ ದಿನ. ಆಗ ನಾ ಹೊರಗ ಕೂತಿದ್ದೆ. ಹೂವು ಮುಟ್ಟೇನಿ. ನನ್ನ ಕೌದಿ ಹೊಚ್ಚೇನಿ. ಬೆಂಕಿ ಚಾಚಾಂದು."

ಕಾಕಾನ ಮುಖ ಕೆಂಪಾಯಿತು. "ಅಂದ್ರ ಗಿಡ ಎಲ್ಲಾ ಮೈಲಿಗಿ ಆಗ್ಯಾವ. ಇಂಥಾ ಕಾಯಿ ಮನಿಗೆ ತರೂದೇನು? ಆ ಹೊಲಾ ಹಿಂಗ ಇಟ್ರ ಮುಂದ ಮನಿತನಕ್ಕ ಒಳ್ಳೇದಲ್ಲ. ನಾಳೇನ ಕಿತ್ತ ಒಗೀತೇನಿ."

ಅಪ್ಪ ಜಗಳದವನಲ್ಲ. ಅವನು ನನಗೆ ಒಂದು ಬಾಗಿಲು ತೆರೆದುಕೊಟ್ಟ. ಬಹಳ ಮೆತ್ತಗೆ ಹೇಳಿದ, "ಕೂಸ, ನಿನಗ ದಿನದ ನೆನಪು ತಪ್ಪಿರಬೇಕು. ಒಳಗಾದ ಮ್ಯಾಲೆ ಹೋಗಿರಬೇಕು ನೀ. ಹಂಗ ಅನ್ನು. ಮುಗೀತು."

ಇಡೀ ಜೀವನ ನೆನಪನ್ನು ನಂಬದವಳು ನಾನು. ಅದು ತಪ್ಪುತ್ತದೆ, ಜಾರುತ್ತದೆ, ಬೇಕಾದವರ ಮಾತು ಕೇಳುತ್ತದೆ. ಆದರೆ ನೆನಪು ತಪ್ಪಿದೆ ಎಂದು ನಾನಾಗಿ ಒಪ್ಪುವುದು ಬೇರೆ, ತಪ್ಪಿಸಿಕೋ ಎಂದು ಇನ್ನೊಬ್ಬರು ಹೇಳುವುದು ಬೇರೆ. ಅಪ್ಪ ಕೇಳುತ್ತಿದ್ದದ್ದು ಒಂದೇ ಒಂದು ಮರೆವು. ಅದನ್ನು ಕೊಟ್ಟಿದ್ದರೆ ಎಲ್ಲರೂ ನಿರಾಳ.

"ನೆನಪದ," ಅಂದೆ.

ಮರುದಿನ ಬೆಳಿಗ್ಗೆ ಕಾಕಾ ಆಳನ್ನು ಕರೆದುಕೊಂಡು ಗುದ್ದಲಿ, ಕೊಡಲಿ ತಂದ. ಅತ್ಯಾ ನಮಗಿಂತ ಮೊದಲೇ ಕೋಲೂರಿಕೊಂಡು ಬಂದು ಮೊದಲ ಗಿಡದ ಬುಡದಲ್ಲಿ ಕೂತುಬಿಟ್ಟಿದ್ದಳು. ರಾತ್ರಿ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಸಿಟ್ಟಿತ್ತು. ಬದುವಿನ ಮೇಲೆ ಚಾಚಾ ಕಡಲೆ ಕೀಳುವುದನ್ನು ಬಿಟ್ಟು ನಿಂತಿದ್ದ.

"ಏಳ ಅಕ್ಕಾ."

"ಏಳಲಿಕ್ಕೆ ಬರೂದಿಲ್ಲ. ಕಾಲು ಉಳುಕೇದ."

"ಬರೂದಕ್ಕ ಹೆಂಗ ಬಂದಿ?"

"ಬರೂದಕ್ಕ ಬಂತು. ಏಳೂದಕ್ಕ ಬರವಲ್ದು."

ಆಳು ಮುಖ ತಿರುಗಿಸಿ ನಕ್ಕ. ಕಾಕಾ ಅವನನ್ನು ಗದರಿಸಿ ಇನ್ನೊಂದು ತುದಿಯ ಗಿಡ ತೋರಿಸಿದ. ನಾನು ಕೌದಿ ಹೊದಿಸಿದ ಸಣ್ಣ ಗಿಡ ಅದು. ಮಿಡಿಯ ಭಾರಕ್ಕೆ ಒಂದು ಕಡೆ ವಾಲಿತ್ತು. ಆಳು ಕೊಡಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

ಆಗ ನಾನು ಹೇಳಿದ್ದನ್ನು ಮೊದಲೇ ಯೋಚಿಸಿಟ್ಟುಕೊಂಡಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಬಾಯಿಂದ ಹೊರಗೆ ಬಂದ ಮೇಲೆ ನನಗೂ ಕೇಳಿಸಿತು.

"ಕಾಕಾ, ಇಲ್ಲಿ ನೀ ಹತ್ತಿ ಹಾಕು. ನಾ ತಿಂಗಳಾ ಹೊರಗ ಕೂತಾಗ ಮೂರೂ ದಿನಾ ಅದರಾಗ ಅಡ್ಡಾಡತೇನಿ. ಸಾಲ ಹಿಡಿದು, ಒಂದೊಂದ ಗಿಡಾ ಮುಟ್ಟಕೋತ. ಹೂವು ಬಂದಾಗ, ಕಾಯಿ ಒಡದಾಗ. ಇಲ್ಲಿ ಅಷ್ಟ ಅಲ್ಲ, ಕೆರೀ ಕಡೆ ಹೊಲಕ್ಕೂ ಹೋಗತೇನಿ."

ಕಾಕಾ ತಿರುಗಿದ. "ಏನಂದಿ?"

"ನನ್ನ ನೆರಳಿಗೆ ಮಾವು ಕರಗತದ ಅಂದ್ರ ಹತ್ತೀನೂ ಕರಗತಿರಬೇಕಲ್ಲ. ನೋಡೂಣಂತ."

"ಕಾಲ ಮುರೀತೇನಿ ನಿಂದು!"

"ಮುರಿ. ಅತ್ಯಾನಂಗ ಕೋಲ ಹಿಡಕೊಂಡು ಹೋಗತೇನಿ."

ಬದುವಿನ ಮೇಲಿಂದ ಚಾಚಾ ಗಂಭೀರವಾಗಿ ಹೇಳಿದ, "ರಾಯರ, ಹೈಬ್ರಿಡ್ ಬಾಳ ನಾಜೂಕ ಅಂತಾರಿ. ಯರಗಟ್ಟಿ ಕಡೆ ಸುಮ್ಮ ಕೆಮ್ಮಿದ್ರೂ ಉದರತೈತಿ ಅಂತ."

ಆಳು ಈ ಸಲ ಮುಖ ತಿರುಗಿಸದೆ ನಕ್ಕ.

ಕಾಕಾ ನಗಲಿಲ್ಲ. ಅವನು ಆ ಕೆಂಪು ಮಣ್ಣನ್ನು ನೋಡಿದ, ಆಮೇಲೆ ದೂರದಲ್ಲಿ ಕೆರೆಯ ಕಡೆಯ ಕರಿ ಹೊಲವನ್ನು ನೋಡಿದ. ಅಲ್ಲಿ ಉತ್ತು ಬಿಟ್ಟ ಸಾಲುಗಳಿದ್ದವು, ಬರುವ ಮಳೆಗೆ ಹತ್ತಿ ಬೀಳಬೇಕಾದ ಸಾಲುಗಳು. ನನ್ನ ನೆರಳನ್ನು ಅವನು ನಂಬುತ್ತಿದ್ದ. ಬಾಯಿಮಾತಿಗಲ್ಲ, ನಿಜವಾಗಿ ನಂಬುತ್ತಿದ್ದ. ಮಾವಿಗೆ ಅಂಟಿಸಿದ ಆ ನಂಬಿಕೆಯನ್ನು ಹತ್ತಿಯಿಂದ ಬಿಡಿಸಿಕೊಳ್ಳುವ ದಾರಿ ಅವನಿಗೆ ಸಿಗಲಿಲ್ಲ. ನಾನು ಸುಳ್ಳು ಎಂದು ತಿಳಿದದ್ದನ್ನೇ ಬಡಿಗೆ ಮಾಡಿಕೊಂಡೆ ಎಂದು ಆಮೇಲೆ ಓದಿಕೊಂಡವರು ಒಬ್ಬರು ನನಗೆ ಹೇಳಿದ್ದಾರೆ, ಅದರಿಂದ ಮೂಢನಂಬಿಕೆ ಗಟ್ಟಿಯಾಗುತ್ತದೆ ಎಂದಿದ್ದಾರೆ. ಆಗಲಿ. ಆ ಬಡಿಗೆಯನ್ನು ನನ್ನ ಬೆನ್ನಿಗೆ ತಂದವರು ಮನೆಯವರೇ. ನಾನು ತುದಿ ತಿರುಗಿಸಿ ಹಿಡಿದೆ.

"ಹುಚ್ಚ ಹಿಡದದ ಇಕಿಗೆ," ಅಂದ ಕಾಕಾ. ಆಳಿನ ಕೈಯಿಂದ ಕೊಡಲಿ ಕಸಿದುಕೊಂಡು ಮನೆಯ ಕಡೆ ನಡೆದ. ಆಳು ಗುದ್ದಲಿ ಹೊತ್ತು ಹಿಂದೆ ಹೋದ.

ಅತ್ಯಾ ಕೂತಲ್ಲಿಂದಲೇ ನನ್ನನ್ನು ನೋಡಿದಳು. "ಖರೇನ ಅಡ್ಡಾಡತಿದ್ಯಾ?"

"ಅಡ್ಡಾಡತಿದ್ದೆ."

"ನಿಮ್ಮ ಅಪ್ಪ ಬಾಗಲಾ ತಗದಿದ್ದ. ನೀ ಗ್ವಾಡೀನ ಒಡದಿ." ಸಿಟ್ಟು ಇನ್ನೂ ಇಳಿದಿರಲಿಲ್ಲ. "ಗಿಡ ಹೋಗಿದ್ರ ನಿನ್ನ ಜೋಡಿ ಸಾಯೂತನಕಾ ಮಾತಾಡ್ತಿರಲಿಲ್ಲ ನಾ. ಹಿಡಿ ಕೈ, ಎಬ್ಬಸು."

ಎಬ್ಬಿಸಿದೆ. ಆಕೆ ನಿಜಕ್ಕೂ ಭಾರ ಇದ್ದಳು.

ಹಣ್ಣಾದಾಗ ಅಪ್ಪ ಅವನ್ನು ಗುಡಿಗೆ ಒಯ್ಯಲಿಲ್ಲ. ಒಯ್ಯಿರಿ ಎಂದು ಯಾರೂ ಹೇಳಲೂ ಇಲ್ಲ. ಅತ್ಯಾ ಮತ್ತು ನಾನು ಹುಲ್ಲಿನಲ್ಲಿ ಅಡಿ ಹಾಕಿ, ಹಣ್ಣು ಮಾಡಿ, ಹಿತ್ತಲ ಕಟ್ಟೆಯ ಮೇಲೆ ಕೂತು ತಿಂದೆವು. ಒಂದು ಬುಟ್ಟಿ ಚಾಚಾನ ಮನೆಗೆ ಹೋಯಿತು. ಅವ್ವ ತಿಂದಳೋ ಇಲ್ಲವೋ, ಅದನ್ನೂ ಆಕೆ ಹೇಳಲಿಲ್ಲ. ಕಾಕಾ ಆ ವರ್ಷ ತಿನ್ನಲಿಲ್ಲ, ನನ್ನ ಜೊತೆ ದೀಪಾವಳಿಯ ತನಕ ಮಾತಾಡಲಿಲ್ಲ. ಅದಕ್ಕೆ ನನಗೆ ದುಃಖವಾಯಿತು. ಆ ದುಃಖ ನನ್ನ ಮಾತನ್ನು ಹಿಂದೆ ತೆಗೆದುಕೊಳ್ಳುವಷ್ಟು ದೊಡ್ಡದಿರಲಿಲ್ಲ. ಗಿಡಗಳ ನಡುವೆ ನೇಗಿಲು ಬರಲಿಲ್ಲ. ಇರಲಿ ಎಂದು ಯಾರೂ ತೀರ್ಮಾನ ಮಾಡಿ ಹೇಳಲಿಲ್ಲ, ಕೀಳು ಎಂದೂ ಹೇಳಲಿಲ್ಲ.

ಅದರ ಮುಂದಿನ ಮಾಘದಲ್ಲಿ ಮತ್ತೆ ಮಂಜು ಇಳಿಯಿತು. ಅತ್ಯಾನ ಕಾಲು ಆಗ ನೆಟ್ಟಗಿತ್ತು, ಆಕೆ ಹುಲ್ಲಿನ ಗುಂಪಿ ಹಾಕಿ ಮುಗಿಸಿದ್ದಳು. ನಾನು ಅಡಿಗೆ ಮನೆಯ ಬಾಗಿಲಿಗೆ ಹೋಗಿ ಅಗ್ಗಿಷ್ಟಿಗೆ ಕೆಳಗಿಟ್ಟು ಕೆಂಡ ಕೇಳಿದೆ. ಅವ್ವ ನನ್ನ ಮುಖ ನೋಡಿದಳು. ಒಳಗಿದ್ದೀಯೋ ಹೊರಗಿದ್ದೀಯೋ ಎಂದು ಕೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಇಕ್ಕಳದಿಂದ ಕೆಂಡ ಎತ್ತಿ ಹಾಕಿದಳು, ಒಂದರ ಮೇಲೊಂದು, ಅಗ್ಗಿಷ್ಟಿಗೆ ತುಂಬುವ ತನಕ. ನಾನು ಅದನ್ನು ಎತ್ತಿಕೊಂಡು ಗಿಡಗಳ ದಾರಿಯಲ್ಲೇ ನಡೆದೆ.